ಮೋಶೆಯ ಮಾವ ಕಂಡದ್ದು

ಓದುವ ಭಾಗ: ವಿಮೋಚನಕಾಂಡ 2:1–22 ಮತ್ತು 18:1–27

ವಿಮೋಚನಕಾಂಡದ 18ನೇ ಅಧ್ಯಾಯ ನಮ್ಮ ಸಭೆಗಳಲ್ಲಿ ಓದಿಸಿಕೊಳ್ಳುವುದು ಹೆಚ್ಚಾಗಿ ಕಮಿಟಿ ಆರಿಸುವ ದಿನ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಮುಖ್ಯಸ್ಥ ಎಂಬ, ಮೋಶೆಯ ಮಾವ ಇತ್ರೋನ ಏರ್ಪಾಡು ಕೇಳಿದ ಮೇಲೆ ಯಾರು ಕಾರ್ಯದರ್ಶಿ, ಯಾರು ಖಜಾಂಚಿ ಎಂಬ ಮಾತು ಶುರುವಾಗುತ್ತದೆ. ಇವತ್ತು ಅದನ್ನು ಒಂದು ಮನೆಯ ಕಥೆಯಾಗಿ ಓದೋಣ. ಮಾವ ಬರುತ್ತಾನೆ. ಒಬ್ಬನೇ ಬರುವುದಿಲ್ಲ; ಮಗಳು ಚಿಪ್ಪೋರಳನ್ನೂ ಇಬ್ಬರು ಮೊಮ್ಮಕ್ಕಳನ್ನೂ ಕರೆದುಕೊಂಡು ಬರುತ್ತಾನೆ. ಮೋಶೆ ಅವರನ್ನು ಮೊದಲೇ ತವರಿಗೆ ಕಳಿಸಿಬಿಟ್ಟಿದ್ದ ಎಂದು ಎರಡನೇ ವಚನ ಸದ್ದಿಲ್ಲದೆ ಹೇಳಿ ಮುಂದೆ ಹೋಗುತ್ತದೆ. ಮೋಶೆ ಎದುರು ಹೋಗಿ ಮಾವನಿಗೆ ಅಡ್ಡಬೀಳುತ್ತಾನೆ, ಮುದ್ದಿಡುತ್ತಾನೆ, ಕ್ಷೇಮ ವಿಚಾರಿಸುತ್ತಾನೆ, ಡೇರೆಯೊಳಗೆ ಕೂರಿಸಿಕೊಂಡು ಐಗುಪ್ತದಲ್ಲಿ ನಡೆದದ್ದೆಲ್ಲ ಹೇಳುತ್ತಾನೆ. ಹೆಂಡತಿಯ ಜೊತೆ ಏನು ಮಾತಾಡಿದ, ಮಕ್ಕಳನ್ನು ಹತ್ತಿರ ಕರೆದನೇ ಎಂಬುದು ಎಲ್ಲೂ ಬರುವುದಿಲ್ಲ. ಮರುದಿನ ಬೆಳಿಗ್ಗೆ ಜನರ ವ್ಯಾಜ್ಯ ಕೇಳಲು ಕೂತವನು ಸಂಜೆಯಾದರೂ ಏಳಲಿಲ್ಲ.

ಈ ಓದಿಗೆ ಕಾರಣವಿದೆ. ನಮ್ಮ ಸಭೆಯ ಹುಡುಗಿಯರು, ಜೊತೆಗೆ ಕೆಲವು ಹುಡುಗರು, ಮನಶ್ಶಾಸ್ತ್ರ, ಸಮಾಜಕಾರ್ಯ, ನರ್ಸಿಂಗ್ ಓದುತ್ತಿದ್ದಾರೆ. ಆಪ್ತಸಮಾಲೋಚಕರಾಗಬೇಕು ಎನ್ನುತ್ತಾರೆ. ನಮ್ಮ ಅಜ್ಜಂದಿರ ಕಾಲಕ್ಕೆ ಮನಸ್ಸಿನ ಕಾಯಿಲೆ ಎಂದರೆ ಧಾರವಾಡ ಒಂದೇ ದಾರಿ. 1845ರಲ್ಲಿ ಶುರುವಾದ ಅಲ್ಲಿನ ಆಸ್ಪತ್ರೆಯಿಂದಾಗಿ ಪಾಪ, ಆ ಊರಿನ ಹೆಸರೇ ಬೈಗುಳವಾಯಿತು: ‘ಇವನ್ನ ಧಾರವಾಡಕ್ಕ ಕಳಸ್ರಿ.’ 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು, ರೋಗಿಯ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಕೇಳುವ ಕಿವಿಗಳು ಈಗ ಬೇಕಾಗಿವೆ, ಕಿವಿಯಾಗಲು ನಮ್ಮ ಮಕ್ಕಳು ಹೊರಟಿದ್ದಾರೆ. ಅವರಲ್ಲಿ ಎಷ್ಟು ಜನ ಮನೆಯ ಹಿರಿಮಕ್ಕಳು ಎಂದು ನೀವೂ ಗಮನಿಸಿರಬೇಕು. ಈ ಕೆಲಸಕ್ಕೆ ಬೇಕಾದ ಮೊದಲ ಪಾಠವನ್ನು ಅವರು ಕಾಲೇಜಿಗಿಂತ ಬಹಳ ಮುಂಚೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕಲಿತಿರುತ್ತಾರೆ.

ಮೋಶೆಯ ಮನೆ ನೋಡಿ. ಮೂರು ತಿಂಗಳ ಕೂಸನ್ನು ಆಪಿನ ಪೆಟ್ಟಿಗೆಯಲ್ಲಿಟ್ಟು ನದಿಯ ಜಂಬುಹುಲ್ಲಿನ ನಡುವೆ ಬಿಟ್ಟರು. ಅವನಿಗೆ ಏನಾಗುವುದೋ ಎಂದು ಅಕ್ಕ ದೂರದಲ್ಲಿ ನಿಂತಳು. ಅವಳ ವಯಸ್ಸು ಬೈಬಲ್ ಹೇಳುವುದಿಲ್ಲ, ಅಲ್ಲಿ ಹೆಸರನ್ನೂ ಹೇಳುವುದಿಲ್ಲ. ಆದರೆ ಮನೆಯ ಅತಿ ದೊಡ್ಡ ಅಪಾಯವನ್ನು ಕಾಯುವ ಕೆಲಸ ಬಿದ್ದದ್ದು ಆ ಹುಡುಗಿಯ ಕಣ್ಣಿಗೆ. ಫರೋಹನ ಮಗಳು ಬಂದಾಗ ಮುಂದೆ ಹೋಗಿ ಮಾತಾಡಿದವಳು ಅವಳೇ. ಹಾಲುಣಿಸಲು ತನ್ನ ತಾಯಿಯನ್ನೇ ಕರೆತಂದವಳೂ ಅವಳೇ. ಉಳಿಸಿಕೊಂಡ ಆ ಕೂಸು ಎರಡು ಮನೆಗಳ ಮಗನಾಗಿ ಬೆಳೆಯಿತು. ದೊಡ್ಡವನಾದ ಮೇಲೆ ಮೋಶೆ ಮಾಡಿದ ಮೊದಲ ಮೂರು ಕೆಲಸಗಳನ್ನು ಗಮನಿಸಿ. ಇಬ್ರಿಯನನ್ನು ಹೊಡೆಯುತ್ತಿದ್ದ ಐಗುಪ್ತದವನ ಮೇಲೆ ಬಿದ್ದು ಕೊಂದ. ಮರುದಿನ ಇಬ್ಬರು ಇಬ್ರಿಯರ ಜಗಳದ ನಡುವೆ ಹೋದ. ಮಿದ್ಯಾನಿಗೆ ಓಡಿಹೋದ ಮೇಲೂ ಬಾವಿಯ ಹತ್ತಿರ ಕುರುಬರು ಹುಡುಗಿಯರನ್ನು ಅಟ್ಟುತ್ತಿದ್ದರೆ ಎದ್ದು ನಿಂತ. ಮೂರು ಕಡೆಯೂ ಯಾರೂ ಅವನನ್ನು ಕರೆದಿರಲಿಲ್ಲ. ಜಗಳವಾಡುತ್ತಿದ್ದವನೊಬ್ಬ ತಿರುಗಿ, ನಿನ್ನನ್ನು ನಮ್ಮ ಮೇಲೆ ನ್ಯಾಯಾಧಿಪತಿಯನ್ನಾಗಿ ಇಟ್ಟವರು ಯಾರು ಎಂದು ಕೇಳಿದ್ದು ಉದ್ಧಟತನವೇ ಇರಬಹುದು. ಪ್ರಶ್ನೆ ಮಾತ್ರ ಸರಿಯಾಗಿತ್ತು. ಉಳಿಸಲ್ಪಟ್ಟ ಮಗು ಉಳಿಸುವವನಾಗಿ ಬೆಳೆದಿತ್ತು, ಕೇಳಿದರೂ ಕೇಳದಿದ್ದರೂ.

ಇದು ನನ್ನ ಓದು. ಆದರೆ ಮನಸ್ಸಿನ ವೈದ್ಯರು ತಮ್ಮ ಬಗ್ಗೆ ತಾವೇ ಕಂಡುಕೊಂಡದ್ದು ಇದರಿಂದ ದೂರವಿಲ್ಲ. 1910ರಲ್ಲೇ ಫ್ರಾಯ್ಡ್, ಚಿಕಿತ್ಸಕನೊಳಗೆ ರೋಗಿಯ ಕಾರಣಕ್ಕೆ ಏಳುವ ಭಾವಗಳನ್ನು ಗುರುತಿಸಿದ. ತನ್ನ ಒಳಗಿನ ಗಂಟುಗಳು ಬಿಟ್ಟಷ್ಟು ದೂರ ಮಾತ್ರ ಅವನು ರೋಗಿಯ ಜೊತೆ ನಡೆಯಬಲ್ಲ ಎಂದ. ಫ್ರಾಯ್ಡನಿಗೆ ಅದು ದಾರಿಯ ಅಡ್ಡಿ. 1950ರಲ್ಲಿ ಪೌಲಾ ಹೈಮನ್ ಎಂಬ ವೈದ್ಯೆ, ಆ ಭಾವವನ್ನು ಗಮನಿಸಬಲ್ಲವನಿಗೆ ಅದೇ ರೋಗಿಯನ್ನು ಅರಿಯುವ ಸಾಧನ ಎಂದು ತೋರಿಸಿದಳು. ಕುಟುಂಬ ಚಿಕಿತ್ಸೆಯ ಇಬ್ಬರು ಹಿರಿಯರ ಬಾಲ್ಯ ಇನ್ನೂ ನೇರವಾಗಿ ಮಾತಾಡುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನ ಹೊಲಮನೆಯಲ್ಲಿ 1916ರಲ್ಲಿ ಹುಟ್ಟಿದ ವರ್ಜಿನಿಯಾ ಸಟಿರ್, ಐದು ವರ್ಷದವಳಿದ್ದಾಗಲೇ ತಾನು ದೊಡ್ಡವಳಾಗಿ ತಂದೆತಾಯಿಗಳ ಮೇಲೆ ಮಕ್ಕಳ ಪರವಾಗಿ ಪತ್ತೇದಾರಿ ಮಾಡುತ್ತೇನೆಂದು ನಿಶ್ಚಯಿಸಿದ್ದಳಂತೆ. ಟೆನೆಸ್ಸಿಯ ಸಣ್ಣ ಊರಿನ ಮರ್ರೆ ಬೋವೆನ್ 1967ರಲ್ಲಿ ವಿದ್ವಾಂಸರ ಸಭೆಯೊಂದರಲ್ಲಿ ಸಿದ್ಧಾಂತ ಮಂಡಿಸುವ ಬದಲು ತನ್ನದೇ ಮನೆಯ ಜಗಳಗಳಲ್ಲಿ ತನ್ನ ಜಾಗ ಯಾವುದಾಗಿತ್ತು, ಯಾರ ಪಕ್ಷವನ್ನೂ ಹಿಡಿಯದೆ ಇರಲು ತಾನು ಊರಿಗೆ ಹೋಗಿ ಹೇಗೆ ಹೆಣಗಿದೆ ಎಂದು ಎದ್ದು ಹೇಳಿಬಿಟ್ಟ. ಅದು 1972ರಲ್ಲಿ ಅಚ್ಚಾದಾಗ ಲೇಖಕನ ಹೆಸರಿರಲಿಲ್ಲ. ಮನೆಯವರ ಮಾನ ನೋಡಬೇಕಲ್ಲ. ಆಮೇಲೆ ಅವನು ಒಂದು ವಿಷಯ ಕಂಡ: ತನ್ನ ಶಿಷ್ಯರಲ್ಲಿ ತಮ್ಮ ಮನೆಯೊಳಗಿನ ಜಾಗವನ್ನು ಅರಿಯಲು ಕೂತವರು ರೋಗಿಗಳ ಜೊತೆಗೂ ಉಳಿದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದರು. ಸಟಿರ್, ಬೋವೆನ್ ಇಬ್ಬರೂ ಐದು ಮಕ್ಕಳ ಮನೆಯ ಹಿರಿಯ ಕೂಸು.

ಅಮೆರಿಕ ಇರಲಿ, ನಮ್ಮ ಬೆಳಗಾವಿ ಬದಿಯ ಖಾನಾಪುರಕ್ಕೆ ಬನ್ನಿ. ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಇಂಥವಳು ಯಾರ ಮನೆಯಲ್ಲೂ ಇರಬಹುದಾದ್ದರಿಂದ ಹೆಸರು ಬೇಡ. ಅಪ್ಪ ಗೋವೆಯಲ್ಲಿ ಕೆಲಸಕ್ಕಿದ್ದಾನೆ, ಹಬ್ಬಕ್ಕೆ ಬರುತ್ತಾನೆ. ಅವ್ವ ಮನಸ್ಸಿಗೆ ಹಚ್ಚಿಕೊಂಡು ದಿನಗಟ್ಟಲೆ ಮಲಗಿಬಿಡುತ್ತಾಳೆ. ಅಜ್ಜಿಗೆ ಮರಾಠಿ ಬಿಟ್ಟು ಬೇರೆ ಬರದು. ಹುಡುಗಿಯ ಶಾಲೆ ಕನ್ನಡದ್ದು. ಅಜ್ಜಿಯನ್ನು ಬೆಳಗಾವಿಯ ಆಸ್ಪತ್ರೆಗೆ ಕರೆತಂದಾಗ ವೈದ್ಯರ ಮಾತನ್ನು ಅಜ್ಜಿಗೆ, ಅಜ್ಜಿಯ ಮಾತನ್ನು ವೈದ್ಯರಿಗೆ ದಾಟಿಸುವವಳು ಈ ಒಂಬತ್ತು ವರ್ಷದ ಕೂಸು. ರೋಗ ದೊಡ್ಡದು ಎಂದು ವೈದ್ಯರು ಹೇಳಿದರೆ, ಗುಳಿಗೆ ತಪ್ಪಿಸಬಾರದಂತೆ ಅಜ್ಜಿ ಎಂದಷ್ಟೇ ಹೇಳುತ್ತಾಳೆ. ಅಜ್ಜಿ ವೈದ್ಯರನ್ನು ಬೈದರೆ ಅದನ್ನು ನುಂಗಿಬಿಡುತ್ತಾಳೆ. ಯಾವ ಮಾತನ್ನು ಮುಟ್ಟಿಸಬೇಕು, ಯಾವುದನ್ನು ಮೆತ್ತಗೆ ಮಾಡಬೇಕು, ಯಾರ ಮುಖ ಯಾವಾಗ ಬಾಡುತ್ತದೆ ಎಂಬ ಲೆಕ್ಕ ಅವಳಿಗೆ ಬಾಯಿಪಾಠ. ಸಂಜೆ ಮನೆಗೆ ಬಂದರೆ ಅವ್ವ ಇವತ್ತು ಎದ್ದಿದ್ದಾಳೋ ಇಲ್ಲವೋ ಎಂದು ಹೊಸ್ತಿಲಲ್ಲೇ ಅವಳಿಗೆ ತಿಳಿಯುತ್ತದೆ. ಬಂದ ನೆಂಟರು, ಅಕ್ಕಪಕ್ಕದವರು, ನಾವು ಸಭೆಯವರು, ಎಲ್ಲರೂ ಹೊಗಳುತ್ತೇವೆ: ‘ಎಷ್ಟು ಶಾಣ್ಯಾ ಕೂಸವಾ, ಇಡೀ ಮನಿ ಹೊತ್ತೈತಿ.’

ಇಂಥವಳು ಆಪ್ತಸಮಾಲೋಚಕಿಯಾದರೆ ಅವಳಷ್ಟು ಬೇಗ ಎದುರಿಗಿದ್ದವರ ಮನಸ್ಸು ಓದುವವರು ಇನ್ನೊಬ್ಬರು ಸಿಗುವುದು ಕಷ್ಟ. ಇದು ನಿಜವಾದ ವರ, ಇದನ್ನು ಕಡಿಮೆ ಮಾಡಿ ಹೇಳಲಾರೆ. ತೊಂದರೆಯೂ ಅದೇ ವರದ ಜೊತೆಗೇ ಬಂದಿರುತ್ತದೆ. ಕುಡಿತ ಬಿಡಲೆಂದು ಒಬ್ಬ ಹುಡುಗ ಅವಳ ಮುಂದೆ ಕೂತಿದ್ದಾನೆ ಎನ್ನಿ. ಮೂರನೇ ಭೇಟಿಯಲ್ಲಿ ಧೈರ್ಯ ಮಾಡಿ ಹೇಳುತ್ತಾನೆ: ‘ನಮ್ಮವ್ವನ್ನ ಕಂಡ್ರ ನನಗ ಮೈ ಉರಿತೈತ್ರಿ ಅಕ್ಕಾರ.’ ಅವಳು ಥಟ್ಟನೆ ಅನ್ನುತ್ತಾಳೆ: ‘ಅಷ್ಟು ಪ್ರೀತಿ ಐತಿ, ಅದಕ್ಕ ಅಷ್ಟು ನೋವಾಗತೈತಿ.’ ಮಾತು ಎಷ್ಟು ಹಿತವಾಗಿದೆ! ಅದರಲ್ಲಿ ಸ್ವಲ್ಪ ಸತ್ಯವೂ ಇದ್ದೀತು. ಆದರೆ ಆ ಹುಡುಗ ಬಂದದ್ದು ಉರಿಯ ಬಗ್ಗೆ ಮಾತಾಡಲು. ಅವಳು ಅದನ್ನು ಮೆತ್ತಗೆ ಮಾಡಿ ಬೇರೆ ಯಾರಿಗೋ ಮುಟ್ಟಿಸಿದಳು. ಆ ಕೋಣೆಯಲ್ಲಿ ಅಜ್ಜಿಯೂ ಇರಲಿಲ್ಲ, ಮಲಗಿದ ಅವ್ವನೂ ಇರಲಿಲ್ಲ. ಆದರೂ ಅವಳು ಒಬ್ಬ ತಾಯಿಯನ್ನು ಕಾಪಾಡಿದಳು. ಹುಡುಗ ನಾಲ್ಕನೇ ಭೇಟಿಗೆ ಬರುವುದಿಲ್ಲ.

ಇದೇ ಹುಡುಗಿ ಹೇಳಿದ ಸಮಯಕ್ಕೆ ಮಾತು ಮುಗಿಸಲಾರಳು. ನಲವತ್ತೈದು ನಿಮಿಷದ ಭೇಟಿ ಒಂದೂವರೆ ತಾಸಾಗುತ್ತದೆ. ಫೀಸು ಕೇಳಲು ನಾಲಿಗೆ ಏಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೂ ಎತ್ತುತ್ತಾಳೆ. ರೋಗಿ ಗುಣವಾಗಿ ಇನ್ನು ಬರುವುದು ಬೇಡ ಅನ್ನಿಸಿದಾಗ ಖುಷಿಯ ಬದಲು ಏನೋ ಕಳೆದುಕೊಂಡಂತೆ ಆಗುತ್ತದೆ. ಅವಳಿಗೆ ದಣಿವಾಗಿದೆ ಎಂದು ಅವಳಿಗೇ ತಿಳಿಯುವುದಿಲ್ಲ, ಏಕೆಂದರೆ ಆ ಮನೆಯಲ್ಲಿ ದಣಿಯುವ ಹಕ್ಕು ಬೇರೆಯವರದಾಗಿತ್ತು. ಬೇರೆ ಬೇರೆ ಮನೆಯ ಮಕ್ಕಳಿಗೆ ಬೇರೆ ಬೇರೆ ಪಾತ್ರ: ಎಲ್ಲರನ್ನೂ ನಗಿಸುತ್ತಿದ್ದವನು ಎದುರಿನವರ ಕಣ್ಣು ತುಂಬಿದೊಡನೆ ಚಟಾಕಿ ಹಾರಿಸುತ್ತಾನೆ, ಮೂಲೆಯಲ್ಲಿ ಸದ್ದಿಲ್ಲದೆ ಇದ್ದವನು ಕುರ್ಚಿಯಲ್ಲೂ ಇಲ್ಲದಂತೆ ಕೂರುತ್ತಾನೆ, ಮನೆಗೆ ಹೆಸರು ತರಬೇಕಾಗಿದ್ದವನಿಗೆ, ಬಿಟ್ಟ ಕುಡಿತಕ್ಕೆ ಮತ್ತೆ ಬಿದ್ದ ರೋಗಿಯ ಮೇಲೆ ಸಿಟ್ಟು ಬರುತ್ತದೆ, ತನ್ನನ್ನು ನಪಾಸು ಮಾಡಿದ ಹಾಗೆ. ಬೆಳಗಾವಿ ಕ್ಯಾಂಪಿನ ಸೈನಿಕರ ಮನೆಗಳಲ್ಲಿ ಅಪ್ಪ ಗಡಿಯಲ್ಲಿದ್ದಾಗ ಹತ್ತು ವರ್ಷದ ಹುಡುಗನಿಗೆ ‘ಇನ್ನ ನೀನ ಮನಿ ಗಂಡಸು’ ಎಂದು ಹೇಳಿ ಹೋಗುವುದುಂಟು. ಆ ವಾಕ್ಯದಿಂದ ನಿವೃತ್ತಿ ಯಾವಾಗ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ನಮ್ಮ ದೇಶದಲ್ಲಿ ಈ ಗಂಟು ಇನ್ನಷ್ಟು ಬಿಗಿ. ಬೆಂಗಳೂರಿನಲ್ಲಿ ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಂ 1964ರಲ್ಲೇ ಬರೆದಿದ್ದರು: ಪಡುವಣದ ಚಿಕಿತ್ಸೆಯ ಪುಸ್ತಕದಲ್ಲಿರುವಂಥ ರೋಗಿ ಇಲ್ಲಿ ಬರುವುದಿಲ್ಲ, ಇಲ್ಲಿನವನಿಗೆ ತನ್ನೊಳಗಿನ ವಿವರಣೆಗಿಂತ ಎದುರಿನವರ ಆಸರೆ ಬೇಕು. 1973ರಲ್ಲಿ ಜೆ.ಎಸ್. ನೇಕಿ ಎಂಬ ಮನೋವೈದ್ಯರು ಇಲ್ಲಿನ ಚಿಕಿತ್ಸೆಗೆ ಗುರುಶಿಷ್ಯ ಸಂಬಂಧವೇ ಮಾದರಿಯಾಗಬಹುದು ಎಂದರು. ನಮ್ಮ ಜನ ಕುರ್ಚಿಯಲ್ಲಿ ಕೂತವರನ್ನು ‘ಅಕ್ಕಾರ’, ‘ಅಣ್ಣಾರ’ ಎಂದೇ ಕರೆಯುತ್ತಾರೆ, ನೀವೇ ನಮಗೆ ದೇವರು ಎಂದೂ ಅನ್ನುತ್ತಾರೆ. ಬಾಲ್ಯದಿಂದ ಅಕ್ಕನಾಗಿಯೇ ಬದುಕಿದವಳಿಗೆ ಆ ಕರೆ ಕೇಳಿದೊಡನೆ ಹಳೆಯ ಸೊಂಟ ಬಗ್ಗುತ್ತದೆ, ಇನ್ನೊಂದು ಮನೆಯನ್ನು ಹೊರಲು. ಕೇಳುವವರಿಗೂ ಅದು ಬೇಕು, ಕೊಡುವವಳಿಗೂ ಬೇಕು. ಇಬ್ಬರಿಗೂ ಹಿತವಾದ್ದರಿಂದ ಏನು ನಡೆಯುತ್ತಿದೆ ಎಂದು ಕೇಳುವವರೇ ಇರುವುದಿಲ್ಲ.

ಇನ್ನೊಂದು ಪಾತ್ರದ ಬಗ್ಗೆ ಸ್ವಲ್ಪ ಖಾರವಾಗಿ ಮಾತಾಡಬೇಕು. ಅಪ್ಪ ಅವ್ವನ ಜಗಳ ಬಿಡಿಸುತ್ತ ಬೆಳೆದ ಮಗು. ತಟ್ಟೆ ಹಾರುವ ಮೊದಲೇ ನಡುವೆ ಬಂದು ನಿಲ್ಲುತ್ತಿದ್ದ ಮಗು. ಇಂಥವರು ದಂಪತಿಗಳ ಸಮಾಲೋಚನೆಗೆ ಕೂತರೆ ಅವರ ಕಿವಿಗೆ ಜಗಳದ ಸದ್ದು ಬೆಂಕಿಯ ಹಾಗೆ. ಮೊದಲು ಆರಿಸಬೇಕು, ಕಾರಣ ಆಮೇಲೆ. ಹೆಂಡತಿ ಇನ್ನೂ ಏನನ್ನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸಮಾಧಾನದ ಮಾತು ಮುಂದೆ ಬಂದಿರುತ್ತದೆ: ಸ್ವಲ್ಪ ಹೊಂದಿಕೊಳ್ಳಿ, ಮಕ್ಕಳ ಮುಖ ನೋಡಿ. ಅವಳ ತೋಳಿನ ಮೇಲಿನ ಕಪ್ಪು ಕಲೆಯನ್ನು ಕಂಡರೂ ಕಾಣದಂತೆ ಮಾಡುವ ಶಾಂತಿ ಅದು. ಮನೆಯೊಳಗಿನ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ ಕಾನೂನು ಬಂದದ್ದು 2005ರಲ್ಲಿ. ಅದರ ಬಾಗಿಲಿಗೆ ಹೋಗಬೇಕಾದ ಎಷ್ಟೋ ಹೆಣ್ಣುಮಕ್ಕಳು ಇಂಥ ಸಮಾಧಾನದ ಕುರ್ಚಿಗಳಿಂದ, ಮಠದ ಜಗಲಿಗಳಿಂದ, ನಮ್ಮಂಥ ಪಾಸ್ಟರುಗಳ ಮನೆಯಿಂದಲೂ ಹಿಂದಿರುಗಿದ್ದಾರೆ. ಯಾರಿಗೂ ಕೆಟ್ಟದ್ದು ಮಾಡುವ ಉದ್ದೇಶ ಇರಲಿಲ್ಲ. ಬಾಲ್ಯದ ಭಯವೊಂದು ಸುವಾರ್ತೆಯ ಬಟ್ಟೆ ಹಾಕಿಕೊಂಡು ಮಾತಾಡಿತ್ತು. ಕರ್ತನು ಸಮಾಧಾನ ಮಾಡುವವರನ್ನು ಧನ್ಯರೆಂದ. ಜಗಳದ ಸದ್ದು ತಡೆಯಲಾರದವರನ್ನು ಹಾಗೆ ಕರೆದದ್ದಾಗಿ ನನಗೆ ಎಲ್ಲೂ ಕಂಡಿಲ್ಲ.

ಈಗ ಮತ್ತೆ ಇತ್ರೋ. ಅವನು ಮಿದ್ಯಾನಿನ ಯಾಜಕ, ಇಸ್ರಾಯೇಲಿನವನಲ್ಲ. ಒಂದು ದಿನ ಪೂರ್ತಿ ಬದಿಯಲ್ಲಿ ಕೂತು ಅಳಿಯನ ಕೆಲಸ ನೋಡಿದ, ಅಷ್ಟರವರೆಗೆ ಬಾಯಿ ಬಿಡಲಿಲ್ಲ. ಆಮೇಲೆ ಅವನಿಂದ ಬಂದದ್ದು ಪ್ರಶ್ನೆ: ನೀನು ಮಾಡುತ್ತಿರುವುದು ಏನು, ಯಾಕೆ ಒಬ್ಬನೇ ಕೂತಿದ್ದೀ? ಮೋಶೆಯ ಉತ್ತರ ಎಲ್ಲ ಹಿರಿಮಕ್ಕಳ ಉತ್ತರವೇ: ಜನ ನನ್ನ ಹತ್ತಿರ ಬರುತ್ತಾರಲ್ಲ. ಆಗ ಇತ್ರೋ ಹೇಳಿದ್ದರಲ್ಲಿ ನಾವು ಅರ್ಧ ಮಾತ್ರ ನೆನಪಿಡುತ್ತೇವೆ. ಹೀಗಾದರೆ ನೀನು ಬಳಲಿಹೋಗುತ್ತೀ ಎಂದ, ಅದು ಅರ್ಧ. ನಿನ್ನ ಜೊತೆ ಈ ಜನರೂ ಬಳಲಿಹೋಗುತ್ತಾರೆ ಎಂದದ್ದು ಇನ್ನರ್ಧ. ತನ್ನನ್ನೇ ತೇಯುವವನ ಮುಂದೆ ಬೆಳಿಗ್ಗೆಯಿಂದ ಸಂಜೆಯ ತನಕ ನಿಂತವರಿಗೂ ಕಾಲು ನೋಯುತ್ತದೆ. ನಾಲ್ಕನೇ ಭೇಟಿಗೆ ಬಾರದ ಆ ಹುಡುಗನ ದಣಿವು ಇದೇ.

ಮನಸ್ಸಿನ ಚಿಕಿತ್ಸೆಯಲ್ಲಿ ಇತ್ರೋನ ಕೆಲಸಕ್ಕೆ ಸೂಪರ್‌ವಿಷನ್ ಎನ್ನುತ್ತಾರೆ. ಅನುಭವಿಯೊಬ್ಬರ ಮುಂದೆ ಕೂತು, ಈ ವಾರ ಈ ರೋಗಿಯ ಜೊತೆ ಏನಾಯಿತು, ಯಾವ ಮಾತಿಗೆ ನನ್ನ ಹೊಟ್ಟೆ ಹಿಡಿದುಕೊಂಡಿತು, ಯಾವಾಗ ನಾನು ಆತುರಪಟ್ಟೆ ಎಂದು ಬಿಚ್ಚಿ ಹೇಳುವುದು. ಎದುರಿನವರು ಆಗಾಗ ಕೇಳುತ್ತಾರೆ: ಇದನ್ನು ನೀನು ಯಾರಿಗಾಗಿ ಮಾಡಿದೆ? ಕೆಲವು ಪರಂಪರೆಗಳಲ್ಲಿ ಚಿಕಿತ್ಸಕರು ತಾವೇ ಮೊದಲು ರೋಗಿಯ ಕುರ್ಚಿಯಲ್ಲಿ ಕೂರಬೇಕು. ಫ್ರಾಯ್ಡನ ದಾರಿಯಲ್ಲಿ ಅದು ನಿಯಮವೇ. ಗಾಯ ಒಣಗಿದ ಮೇಲೆ ಮಾತ್ರ ಈ ಕೆಲಸಕ್ಕೆ ಬರಬೇಕು ಎಂದು ಯಾರೂ ಹೇಳುತ್ತಿಲ್ಲ, ಹಾಗೆ ಹೇಳಿದರೆ ಕುರ್ಚಿಗಳೆಲ್ಲ ಖಾಲಿ ಬೀಳುತ್ತವೆ. ಗಾಯ ಎಲ್ಲಿದೆ ಎಂದು ಗೊತ್ತಿರಬೇಕು, ಅದನ್ನು ಗೊತ್ತಿರುವ ಇನ್ನೊಬ್ಬರು ಇರಬೇಕು. ಬರೇ ತಿಳಿವಳಿಕೆ ಸಾಲದು ಎನ್ನುವುದಕ್ಕೆ ಮನಸ್ಸಿನ ಚಿಕಿತ್ಸಕಿ ಆಲಿಸ್ ಮಿಲ್ಲರ್ ಸಾಕ್ಷಿ. 1979ರಲ್ಲಿ ಅವರು ಬರೆದ ಪುಸ್ತಕ, ತಾಯಿಯ ಅಗತ್ಯಗಳನ್ನು ಗುರುತಿಸುತ್ತ ಬೆಳೆದ ಮಕ್ಕಳೇ ಮುಂದೆ ಮನಸ್ಸಿನ ಚಿಕಿತ್ಸಕರಾಗುವುದನ್ನು ಎತ್ತಿ ತೋರಿಸಿ ಜಗತ್ತನ್ನು ಬೆಚ್ಚಿಬೀಳಿಸಿತು. 2013ರಲ್ಲಿ ಅವರ ಮಗ ಮಾರ್ಟಿನ್, ತಾನೂ ಮನಸ್ಸಿನ ಚಿಕಿತ್ಸಕ, ಇನ್ನೊಂದು ಪುಸ್ತಕ ಬರೆದ: ಮಕ್ಕಳ ನೋವನ್ನು ಅಷ್ಟು ಚೆನ್ನಾಗಿ ಬಲ್ಲ ತಾಯಿಯ ಮನೆಯಲ್ಲಿ ತನ್ನ ನೋವಿಗೆ ಜಾಗ ಇರಲಿಲ್ಲ ಎಂದು. ಅದನ್ನು ಓದುವಾಗ ನನಗೆ ಮೋಶೆಯ ಮಕ್ಕಳಾದ ಗೇರ್ಷೋಮ್ ಮತ್ತು ಎಲೀಯೆಜರ್ ಕಣ್ಮುಂದೆ ಬಂದರು. ಲಕ್ಷಾಂತರ ಜನರ ವ್ಯಾಜ್ಯ ಕೇಳುವ ಅಪ್ಪನ ಡೇರೆಯ ಹೊರಗೆ ಅಜ್ಜನ ಜೊತೆ ನಿಂತ ಇಬ್ಬರು ಹುಡುಗರು.

ನಮ್ಮ ಕರ್ತನನ್ನು ನೋಡಿ. ಕಪೆರ್ನೌಮಿನಲ್ಲಿ ಸಂಜೆ ಊರೆಲ್ಲ ಬಾಗಿಲಿಗೆ ಬಂದು ಸೇರಿತ್ತು. ಬಹಳ ಜನರನ್ನು ಗುಣಪಡಿಸಿದ. ಇನ್ನೂ ಕತ್ತಲೆ ಇರುವಾಗಲೇ ಎದ್ದು ಅಡವಿಗೆ ಹೋಗಿ ತಂದೆಯ ಮುಂದೆ ಕೂತ. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದು ಸೀಮೋನ ಬಂದು ಹೇಳಿದಾಗ, ಪಕ್ಕದ ಊರುಗಳಿಗೆ ಹೋಗೋಣ ಎಂದ. ಮಾರ್ಕನ ಮೊದಲ ಅಧ್ಯಾಯದಲ್ಲಿದೆ, ಮನೆಗೆ ಹೋಗಿ ಓದಿ. ಹುಡುಕುತ್ತಿದ್ದವರ ನೋವು ಸುಳ್ಳಾಗಿರಲಿಲ್ಲ. ಆದರೂ ಹೊರಟ. ರಕ್ಷಕನೇ ಒಂದು ಊರಿನ ಎಲ್ಲ ಬಾಗಿಲಿಗೂ ನಿಲ್ಲಲಿಲ್ಲ ಎಂದ ಮೇಲೆ, ನಮ್ಮ ಮನೆಯ ಹತ್ತೊಂಬತ್ತು ವರ್ಷದ ಹುಡುಗಿ ಯಾಕೆ ನಿಲ್ಲಬೇಕು?

ಈ ಕೆಲಸಕ್ಕೆ ಹೊರಟಿರುವ ಮಕ್ಕಳೇ, ನೀವು ಕೋರ್ಸಿಗೋ ಕೆಲಸಕ್ಕೋ ಸೇರುವಾಗ ಸಂಬಳದ ಜೊತೆ ಇದನ್ನೂ ಕೇಳಿ: ಇಲ್ಲಿ ನನ್ನ ಕೆಲಸ ನೋಡಿ ಪ್ರಶ್ನೆ ಕೇಳುವವರು ಯಾರು? ಉತ್ತರ ಬರದಿದ್ದರೆ ಹೊರಗೆ ಒಬ್ಬರನ್ನು ಹುಡುಕಿಕೊಳ್ಳಿ. ನಿಮಗೇ ರಾತ್ರಿ ಭಾರವಾದರೆ 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು, ದುಡ್ಡಿಲ್ಲ, ಕನ್ನಡವೂ ನಡೆಯುತ್ತದೆ, ಮರಾಠಿಯೂ ನಡೆಯುತ್ತದೆ. ಬೇರೆಯವರಿಗೆ ಕೊಡಲು ಮಾತ್ರ ಆ ನಂಬರ್ ಬರೆದಿಟ್ಟುಕೊಳ್ಳಬೇಡಿ.

ಉಳಿದವರಿಗೆ, ಮುಖ್ಯವಾಗಿ ಹಿರಿಯರಿಗೆ. ‘ಶಾಣ್ಯಾ ಕೂಸು’ ಎಂದು ಹೊಗಳುವ ಬಾಯಿ ನಮ್ಮದು. ಯಾರ ಮನೆಯಲ್ಲಿ ಅವ್ವ ಮಲಗಿದ್ದಾಳೆ, ಯಾರ ಅಪ್ಪ ಗೋವೆಯಿಂದ ಬಂದಿಲ್ಲ ಎಂದು ನಮಗೆ ಗೊತ್ತಿದೆ. ಅಲ್ಲಿ ರೊಟ್ಟಿ ಬಡಿಯಲು, ರಾತ್ರಿ ಜೊತೆಗೆ ಕೂರಲು ದೊಡ್ಡವರು ಹೋಗಬೇಕು, ಸರದಿ ಹಾಕಿಕೊಂಡು; ಇತ್ರೋನ ಹತ್ತಕ್ಕೊಬ್ಬ ಎಂಬ ಲೆಕ್ಕ ಇಂಥದ್ದಕ್ಕೇ ಬರೆದದ್ದು. ಖಾನಾಪುರದ ಕಡೆಯಿಂದ ಹಿರಿಯರನ್ನು ಆಸ್ಪತ್ರೆಗೆ ತೋರಿಸಲು ಬೆಳಗಾವಿಗೆ ಬರುವವರು ಮಾತು ದಾಟಿಸಲು ಮಕ್ಕಳನ್ನು ಕರೆತರಬೇಡಿ. ಎರಡೂ ಭಾಷೆ ಬಲ್ಲ ನಮ್ಮ ಸಭೆಯ ದೊಡ್ಡವರು ಹೆಸರು ಕೊಟ್ಟಿದ್ದಾರೆ. ಪಟ್ಟಿ ಬಾಗಿಲ ಬಳಿಯ ಹಲಗೆಯ ಮೇಲಿದೆ, ಫೋನ್ ನಂಬರ್ ಸಮೇತ. ಹಿಂದಿನ ದಿನ ತಿಳಿಸಿದರೆ ಅವರು ಆಸ್ಪತ್ರೆಗೇ ಬಂದು ನಿಲ್ಲುತ್ತಾರೆ. ಮಗು ಅವತ್ತು ಶಾಲೆಗೆ ಹೋಗಲಿ.